ನಿಂತ ಗಾಡಿಯ ಎಣ್ಣೆ

ಮಿಯಾಪುರದವರೆಗೆ ಮೆಟ್ರೊ ರೈಲು ಓಡಲು ಶುರುವಾದ ಮೇಲಿನ ಎರಡನೆಯ ಬೇಸಿಗೆ. ನಾನಾಗ ತೆಲುಗು ನಾಡಿನಲ್ಲಿ, ಪಟಾನ್‌ಚೆರು ಆಚೆಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ವಾಹನ ವಿಭಾಗದ ಫೋರ್‌ಮನ್ ಆಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿಯಿತ್ತು. ಅಧಿಕಾರಿಗಳ ಕಾರು, ಸಿಬ್ಬಂದಿಯ ಬಸ್ಸು, ಲಾರಿ, ಆಂಬುಲೆನ್ಸ್ ಸೇರಿ ಮೂವತ್ತೊಂದು ಗಾಡಿಗಳ ಎಂಜಿನ್ ನನ್ನ ಹೊಣೆ. ಎಣ್ಣೆ ಬದಲಿಸುವ ವಿಷಯದಲ್ಲಿ ನಾನೆಂಥ ಹಟಮಾರಿ ಎಂದರೆ, ಗಡುವು ದಾಟಿದ ಗಾಡಿಯ ಕೀಲಿಯನ್ನು ಜನರಲ್ ಮ್ಯಾನೇಜರ್ ಕೇಳಿದರೂ ಕೊಡುತ್ತಿರಲಿಲ್ಲ. ನನ್ನ ಬೆನ್ನ ಹಿಂದೆ ಎಲ್ಲರೂ ‘ಎಣ್ಣಿ ಸಾಹೇಬ’ ಎನ್ನುತ್ತಿದ್ದರು. ಕಿವಿಗೆ ಬಿದ್ದಾಗ ಒಳಗೊಳಗೇ ಹಿಗ್ಗುತ್ತಿದ್ದೆ, ಸುಳ್ಳೇಕೆ ಹೇಳಲಿ.

ಎಂಜಿನ್ನಿನೊಳಗೆ ಲೋಹಕ್ಕೆ ಲೋಹ ತಾಗದಂತೆ ನಡುವೆ ನಿಲ್ಲುವುದು ಎಣ್ಣೆಯ ತೆಳುವಾದ ಪದರ. ಎಣ್ಣೆ ಕೊಳೆಯಾಗಿ ಕಸುವು ಕಳೆದುಕೊಳ್ಳುವ ಮೊದಲು ಅದನ್ನು ಬದಲಿಸಬೇಕು. ‘ಹತ್ತು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು’ ಎಂದು ನಮ್ಮ ಗಾಡಿಗಳ ಕೈಪಿಡಿಯಲ್ಲಿತ್ತು. ನಮ್ಮ ಬಸ್ಸು ಕಾರುಗಳು ವರ್ಷ ತುಂಬುವ ಮೊದಲೇ ಹತ್ತು ಸಾವಿರ ದಾಟಿಬಿಡುತ್ತಿದ್ದವು. ಹಾಗಾಗಿ ಆ ವಾಕ್ಯದ ಉತ್ತರಾರ್ಧ ನನಗೆಂದೂ ಬೇಕಾಗಿರಲಿಲ್ಲ. ಶೆಡ್ಡಿನ ಗೋಡೆಗೆ ನಾನೇ ಬರೆಸಿ ಹಾಕಿದ್ದ ದೊಡ್ಡ ಹಲಗೆಯಲ್ಲಿ ಕಿಲೋಮೀಟರಿನ ಕಾಲಂ ಇತ್ತು, ತಾರೀಖಿನದು ಇರಲಿಲ್ಲ.

ಆಂಬುಲೆನ್ಸಿನ ಕಥೆ ಬೇರೆ. ಮೂರು ವರ್ಷದ ಡೀಸೆಲ್ ಗಾಡಿ. ಓಡಿದ್ದು ಬರೀ 3,840 ಕಿಲೋಮೀಟರ್. ಹೆಚ್ಚಿನ ದಿನ ಆರೋಗ್ಯ ಕೇಂದ್ರದ ಮುಂದೆ ನಿಂತೇ ಇರುತ್ತಿತ್ತು. ಬ್ಯಾಟರಿ ಇಳಿಯಬಾರದೆಂದು ದಿನಾ ಬೆಳಿಗ್ಗೆ ಹದಿನೈದು ನಿಮಿಷ ನಿಂತಲ್ಲೇ ಎಂಜಿನ್ ಚಾಲೂ ಇಟ್ಟು ಬಂದ್ ಮಾಡಬೇಕೆಂದು ನಾನೇ ಆದೇಶ ಹೊರಡಿಸಿದ್ದೆ. ಚಾಲಕ ಹುಸೇನಪ್ಪ ಸಿಂಧನೂರಿನವನು, ಗುತ್ತಿಗೆಯ ಮೇಲಿದ್ದ. ಒಂದು ದಿನವೂ ತಪ್ಪಿಸಲಿಲ್ಲ. ಎಣ್ಣೆಯ ಮಟ್ಟ ನೋಡುವ ಕಡ್ಡಿಯನ್ನು, ಎಂದರೆ ಡಿಪ್‌ಸ್ಟಿಕ್ಕನ್ನು ಎಳೆದು ನೋಡಿ ಪುಸ್ತಕದಲ್ಲಿ ಗುರುತು ಹಾಕುತ್ತಿದ್ದ. ಒಂದು ಬೆಳಿಗ್ಗೆ ಆ ಕಡ್ಡಿಯನ್ನೇ ಹಿಡಿದುಕೊಂಡು ನನ್ನ ಮೇಜಿನ ಮುಂದೆ ಬಂದು ನಿಂತ.

“ಸಾಹೇಬ್ರ, ಎಣ್ಣಿ ಕಮ್ಮಿ ಆಗೂದು ಬಿಟ್ಟು ಏರಾಕತ್ತೈತ್ರಿ. ಮ್ಯಾಲಿನ ಗೆರಿ ದಾಟೇತಿ ನೋಡ್ರಿ.”

“ಆಕಳ ಕಟ್ಟೀಯೇನು ಅದರೊಳಗ?” ಎಂದೆ. “ಏರಿದ್ರ ಚಲೋ ಆತು ಬಿಡು. ಕಮ್ಮಿ ಆದಾಗ ಬಂದು ಹೇಳು.”

ಶೆಡ್ಡಿನವರೆಲ್ಲ ನಕ್ಕರು. ಅವನೂ ನಕ್ಕು ಹೋದ. ಮೂರು ವರ್ಷವಾದರೂ ಒಂದು ಹನಿ ಎಣ್ಣೆ ಕುಡಿಯದ ಎಂಜಿನ್ ಎಂದು ನಾನು ಅದನ್ನು ಬೇರೆಯವರ ಮುಂದೆ ಹೊಗಳಿದ್ದೂ ಉಂಟು.

ಆ ಮೇ ತಿಂಗಳ ಒಂದು ಬೆಳಿಗ್ಗೆ ಹನ್ನೊಂದೂವರೆಗೆ ಆರೋಗ್ಯ ಕೇಂದ್ರದಿಂದ ಫೋನ್ ಬಂತು. ಹೊಸ ಶೆಡ್ಡಿನ ಕಟ್ಟಡದಲ್ಲಿ ಕಬ್ಬಿಣ ಕಟ್ಟುವ ಸಾಬಣ್ಣ ಎಂಬ ಕೂಲಿಕಾರ ಎದೆ ಹಿಡಿದುಕೊಂಡು ಕುಸಿದಿದ್ದ. ಯಾದಗಿರಿ ಕಡೆಯವನು, ವಯಸ್ಸು ನಲವತ್ತೆರಡು. ಹೃದಯಾಘಾತವೆಂದು ಡಾಕ್ಟರು ಇಸಿಜಿ ನೋಡಿ ಹೇಳಿದರು. ಮಿಯಾಪುರದ ಆಸ್ಪತ್ರೆಗೆ ಒಂದು ಗಂಟೆಯೊಳಗೆ ಮುಟ್ಟಿಸಲೇಬೇಕು. ಅಲ್ಲೇ ಇಟ್ಟಿಗೆ ಹೊರುತ್ತಿದ್ದ ಅವನ ಹೆಂಡತಿ ಭೀಮವ್ವನಿಗೆ ತೆಲುಗು ಅಷ್ಟಕ್ಕಷ್ಟೇ. “ನೀವು ಕನ್ನಡದವರು, ಜೊತೆಗೆ ಹೋಗಿ” ಎಂದು ಡಾಕ್ಟರು ನನ್ನನ್ನು ಹತ್ತಿಸಿದರು. ಹಿಂದೆ ರೋಗಿ, ಭೀಮವ್ವ ಮತ್ತು ನರ್ಸ್. ಮುಂದೆ ಹುಸೇನಪ್ಪ ಮತ್ತು ನಾನು. ಗೇಟು ದಾಟಿದಾಗ ಹನ್ನೊಂದು ನಲವತ್ತು.

ಪಟಾನ್‌ಚೆರು ದಾಟುವವರೆಗೆ ರಸ್ತೆ ಸಲೀಸಾಗಿತ್ತು. ಲಿಂಗಂಪಲ್ಲಿ ಹತ್ತಿರ ಬಂದಾಗ ಎಲ್ಲವೂ ನಿಂತುಬಿಟ್ಟಿತು. ಮುಂದೆ ಎಲ್ಲೋ ಒಂದು ಟ್ರೇಲರ್ ಅಡ್ಡ ತಿರುಗಿ ಕೂತಿದೆ ಎಂದರು. ಬಲಕ್ಕೆ ಸೊಂಟದೆತ್ತರದ ಕಾಂಕ್ರೀಟ್ ಡಿವೈಡರ್, ಎಡಕ್ಕೆ ಸಿಟಿ ಬಸ್ಸು, ಹಿಂದೆ ಮೂತಿ ತಾಗಿಸಿಕೊಂಡು ಸಿಮೆಂಟಿನ ಲಾರಿ. ಸೈರನ್ ಕೂಗುತ್ತಲೇ ಇತ್ತು. ಸರಿಯಲು ಯಾರಿಗೂ ಜಾಗವಿರಲಿಲ್ಲ.

“ಸಾಹೇಬ್ರ, ಎಣ್ಣಿ ಲೈಟ್ ಬಿತ್ರಿ” ಎಂದ ಹುಸೇನಪ್ಪ, ಹಿಂದಿನವರಿಗೆ ಕೇಳಿಸದಂತೆ.

ಕೆಂಪು ದೀಪ. ಎಂಜಿನ್ನಿನ ಕೀಲುಗಳಿಗೆ ಎಣ್ಣೆ ಬೇಕಾದ ಒತ್ತಡದಲ್ಲಿ ತಲುಪುತ್ತಿಲ್ಲ ಎಂದು ಅದರರ್ಥ. ಆಕ್ಸಿಲರೇಟರ್ ಒತ್ತಲು ಹೇಳಿದೆ. ದೀಪ ಆರಿತು. ಕಾಲು ತೆಗೆದ ಕೂಡಲೇ ಮತ್ತೆ ಹತ್ತಿತು. ಓಡುವಾಗ ಹೇಗೋ ತಲುಪುವ ಎಣ್ಣೆ, ಕಾದ ಎಂಜಿನ್ ನಿಂತಲ್ಲೇ ತಿರುಗುವಾಗ ತಲುಪುತ್ತಿರಲಿಲ್ಲ. ನಾವು ಸಿಕ್ಕಿಕೊಂಡಿದ್ದ ಜಾಗದಲ್ಲಿ ನಿಲ್ಲುವುದನ್ನು ಬಿಟ್ಟರೆ ಬೇರೇನೂ ಸಾಧ್ಯವಿರಲಿಲ್ಲ. ಸೀಟುಗಳ ನಡುವಿನ ಎಂಜಿನ್ ಮುಚ್ಚಳ ಎತ್ತಿ ಕಡ್ಡಿ ಎಳೆದು ನೋಡಿದೆ. ಮಟ್ಟ ಗೆರೆಗಿಂತ ಮೇಲೇ ಇತ್ತು. ಎಣ್ಣೆ ತುಂಬಿದೆ, ಒತ್ತಡವಿಲ್ಲ. ಮೂವತ್ತು ವರ್ಷ ಎಂಜಿನ್ ಬಿಚ್ಚಿ ಕಟ್ಟಿದವನಿಗೆ ತಲೆಯೇ ಓಡಲಿಲ್ಲ.

“ಬಂದ್ ಮಾಡು” ಎಂದೆ. ಎಂಜಿನ್ ನಿಂತಿತು, ಅದರ ಜೊತೆ ಎಸಿಯೂ ನಿಂತಿತು. ಎರಡೇ ನಿಮಿಷಕ್ಕೆ ಒಳಗೆ ಬೇಯತೊಡಗಿತು. ಹಿಂದಿನ ಸಣ್ಣ ಕಿಟಕಿಯಲ್ಲಿ ಭೀಮವ್ವನ ಮುಖ ಕಂಡಿತು.

“ಯಪ್ಪಾ, ಗಾಳಿ ಯಾಕ ಬಂದ್ ಮಾಡೀರಿ? ಇವ್ರು ಬೆವತು ನೀರಾಗ್ಯಾರ್ರಿ.”

ಚಾಲೂ ಮಾಡಿದರೆ ಎಂಜಿನ್ ಸಾಯುತ್ತದೆ, ಆಮೇಲೆ ದಾರಿ ಬಿಟ್ಟರೂ ಗಾಡಿ ಕದಲುವುದಿಲ್ಲ. ಚಾಲೂ ಮಾಡದಿದ್ದರೆ ಒಳಗಿನ ಮನುಷ್ಯನ ಗತಿಯೇನು? ಚಾಲೂ ಮಾಡಿಸಿದೆ. ದೀಪ ನೋಡಿ ಬಂದ್ ಮಾಡಿಸಿದೆ. ಮತ್ತೆ ಚಾಲೂ. ಹೀಗೆ ಇಪ್ಪತ್ತೆರಡು ನಿಮಿಷ. ಆಗ ನನಗಾದಷ್ಟು ಹೆದರಿಕೆ ನನ್ನ ಮಗಳ ಹೆರಿಗೆಯ ದಿನವೂ ಆಗಿರಲಿಲ್ಲ. ಐದನೆಯ ಸಲ ಕೀಲಿ ತಿರುಗಿಸಿದಾಗ ತಳದಿಂದ ಕಟಕಟ ಸದ್ದು ಬಂತು. ಮುಂದಿನ ಗಾಡಿಗಳು ನೂರು ಅಡಿ ಸರಿದವು, ನಾವೂ ಸರಿದೆವು. ಕಟಕಟ ಜೋರಾಯಿತು, ಆಮೇಲೆ ಒಮ್ಮೆಲೇ ಜಗ್ಗಿ ಎಂಜಿನ್ ಕಚ್ಚಿ ನಿಂತಿತು. ಆಸ್ಪತ್ರೆ ಇನ್ನೂ ನಾಲ್ಕು ಕಿಲೋಮೀಟರ್ ದೂರವಿತ್ತು.

ಹಿಂದಿನ ಬಾಗಿಲು ತೆರೆಯುವಂತಿರಲಿಲ್ಲ, ಲಾರಿ ಅಷ್ಟು ಒತ್ತಿ ನಿಂತಿತ್ತು. ನನ್ನ ಬಾಗಿಲಿಗೆ ಬಸ್ಸು ಅಡ್ಡ. ಐವತ್ತೆಂಟರ ವಯಸ್ಸಿನಲ್ಲಿ ಕಿಟಕಿಯಿಂದ ತೂರಿ ಹೊರಬಂದು, ಬಸ್ಸಿನವರಿಗೆ ತೆಲುಗಿನಲ್ಲಿ, ಹಿಂದಿಯಲ್ಲಿ ಕೈಮುಗಿದು ಕೂಗಿದೆ. ಏಳೆಂಟು ಜನ ಕಾರ್ಮಿಕರು ಇಳಿದು ಬಂದು ಆಂಬುಲೆನ್ಸನ್ನು ನಾಲ್ಕಡಿ ಮುಂದೆ ನೂಕಿದರು. ಬಾಗಿಲು ತೆರೆಯಿತು. ಒಬ್ಬ ಟ್ರಾಫಿಕ್ ಕಾನ್‌ಸ್ಟೆಬಲ್ ವೈರ್‌ಲೆಸ್‌ನಲ್ಲಿ ಮಾತಾಡಿ ಆಚೆ ಬದಿಯ ರಸ್ತೆಗೆ ಬೇರೆ ಆಂಬುಲೆನ್ಸ್ ತರಿಸಿದ. ಡಿವೈಡರ್ ಮೇಲಿಂದ ಸ್ಟ್ರೆಚರ್ ದಾಟಿಸುವಾಗ ಸಾಬಣ್ಣನ ಕೈ ಜೋತುಬಿದ್ದಿತ್ತು. ಭೀಮವ್ವ ಅದನ್ನು ಎತ್ತಿ ಅವನ ಎದೆಯ ಮೇಲಿಟ್ಟರು. ಆಸ್ಪತ್ರೆ ತಲುಪಿದಾಗ ಒಂದು ಇಪ್ಪತ್ತು.

ಜೀವ ಉಳಿಯಿತು. ಆದರೆ ಹೃದಯದ ಒಂದು ಭಾಗ ಸತ್ತಿದೆ, ಇನ್ನು ಭಾರ ಎತ್ತುವ ಕೆಲಸ ಈತನಿಂದಾಗದು ಎಂದರು ವೈದ್ಯರು. ಬೇಗ ಬಂದಿದ್ದರೆ ಇಷ್ಟು ಹಾಳಾಗುತ್ತಿರಲಿಲ್ಲ ಎಂದೂ ಅಂದರು. ಅದನ್ನು ಭೀಮವ್ವನಿಗೆ ಕನ್ನಡದಲ್ಲಿ ಹೇಳಬೇಕಾದವನು ನಾನೇ. ಮೊದಲಿನದನ್ನು ಹೇಳಿದೆ. ಎರಡನೆಯದನ್ನು ನುಂಗಿಕೊಂಡೆ.

ಮರುದಿನ ಎಂಜಿನ್ ಬಿಚ್ಚಿದೆವು. ಏಳು ಲೀಟರ್ ಎಣ್ಣೆ ಹಿಡಿಯುವ ತಳದಿಂದ ಒಂಬತ್ತು ಲೀಟರ್ ಇಳಿಯಿತು, ನೀರಿನಷ್ಟು ತೆಳ್ಳಗೆ, ಡೀಸೆಲ್ ವಾಸನೆ ಹೊಡೆಯುತ್ತಾ. ದಿನಾ ಹದಿನೈದು ನಿಮಿಷ ನಿಂತಲ್ಲೇ ತಿರುಗಿದ ಎಂಜಿನ್ ಸರಿಯಾಗಿ ಬಿಸಿಯೇ ಆಗುತ್ತಿರಲಿಲ್ಲ. ಪೂರ್ತಿ ಉರಿಯದ ಡೀಸೆಲ್ ಪಿಸ್ಟನ್ ಅಂಚಿನಿಂದ ಇಳಿದಿಳಿದು ಮೂರು ವರ್ಷ ಎಣ್ಣೆಗೆ ಸೇರಿತ್ತು. ಹುಸೇನಪ್ಪ ಕಂಡ ಏರಿಕೆ ಅದೇ, ಒತ್ತಡ ಬಾರದ್ದೂ ಎಣ್ಣೆ ಹೀಗೆ ತೆಳುವಾದ್ದರಿಂದಲೇ. ಕಾಳಜಿಯೆಂದು ನಾನು ಮಾಡಿಸಿದ ಕೆಲಸವೇ ಎಂಜಿನ್ನನ್ನು ತಿಂದಿತ್ತು. ವರ್ಷಕ್ಕೊಮ್ಮೆ ಎಣ್ಣೆ ಬದಲಿಸಿದ್ದರೆ, ವಾರಕ್ಕೊಮ್ಮೆ ಇಪ್ಪತ್ತು ಕಿಲೋಮೀಟರ್ ಓಡಿಸಿದ್ದರೆ ಇದು ಆಗುತ್ತಿರಲಿಲ್ಲ. ಓಡದ ಗಾಡಿಯ ಎಣ್ಣೆಯೂ ಕೆಡುತ್ತದೆ ಎಂಬ ಪಾಠವನ್ನು ನಾನು ಕಲಿತದ್ದು ಹೀಗೆ.

ತನಿಖೆಯ ಕರಡು ವರದಿಯಲ್ಲಿ ‘ಕೆಂಪು ದೀಪ ಕಂಡ ಮೇಲೂ ಎಂಜಿನ್ ಚಲಾಯಿಸಿದ್ದು ಚಾಲಕನ ನಿರ್ಲಕ್ಷ್ಯ’ ಎಂದಿತ್ತು. ನಾನು ಸುಮ್ಮನಿದ್ದರೆ ಸಾಕಿತ್ತು, ಹುಸೇನಪ್ಪನ ಗುತ್ತಿಗೆ ಮುಗಿಯುತ್ತಿತ್ತು, ನನ್ನ ಹೆಸರು ಉಳಿಯುತ್ತಿತ್ತು. ಎರಡು ದಿನ ಸುಮ್ಮನೇ ಇದ್ದೆ, ಅದಕ್ಕೆ ಇವತ್ತಿಗೂ ನಾಚಿಕೆಯಿದೆ. ಮೂರನೆಯ ದಿನ ಎಲ್ಲವನ್ನೂ ಬರೆದುಕೊಟ್ಟೆ, ಅವನು ಎಚ್ಚರಿಸಿದಾಗ ನಾನು ನಕ್ಕಿದ್ದನ್ನೂ ಸೇರಿಸಿ. ಅವನ ಕೆಲಸ ಉಳಿಯಿತು. ನನ್ನ ಸೇವಾ ಪುಸ್ತಕದಲ್ಲಿ ಒಂದು ಎಚ್ಚರಿಕೆ ಸೇರಿತು.

ಎರಡು ತಿಂಗಳಾದ ಮೇಲೆ ಭೀಮವ್ವ ಶೆಡ್ಡಿಗೆ ಬಂದರು. ಗಂಡನನ್ನು ಊರಿಗೆ ಕರೆದುಕೊಂಡು ಹೊರಟಿದ್ದರು.

“ನೀವು ಕಿಡಕ್ಯಾಗಿಂದ ಜಿಗದು ಮಂದೀನ ಕರದ್ರಿ. ನಿಮ್ಮಿಂದ ಅವ್ರ ಜೀವ ಉಳೀತ್ರಿ ಯಪ್ಪಾ” ಎಂದು ಕಾಲಿಗೆ ಬೀಳಲು ಬಗ್ಗಿದರು.

ಹಿಂದೆ ಸರಿದೆ. ಆ ಮಾತು ಕೇಳಿಕೊಂಡು ನಿಲ್ಲುವುದು ನನ್ನಿಂದಾಗಲಿಲ್ಲ.

“ಇಲ್ಲವ್ವ. ಗಾಡಿ ನಿಂತಿದ್ದ ನನ್ನಿಂದ. ಎಣ್ಣಿ ಬದ್ಲಿ ಮಾಡಿಸಬೇಕಿತ್ತು, ಮಾಡಿಸಲಿಲ್ಲ. ಲಗೂನ ಮುಟ್ಟಿದ್ರ ಸಾಬಣ್ಣ ಇಷ್ಟು ಸೋಲ್ತಿದ್ದಿಲ್ಲಂತ ಡಾಕ್ಟರು ಅಂದಿದ್ರು. ನಾ ನಿಮಗ ಹೇಳಲಿಲ್ಲ.”

ಬಗ್ಗಿದ್ದ ಆಕೆ ನೆಟ್ಟಗಾದರು. ಬೈದಿದ್ದರೆ ಹಗುರಾಗುತ್ತಿದ್ದೆ. ಬೈಯಲಿಲ್ಲ, ಇರಲಿ ಬಿಡಿ ಎಂದೂ ಅನ್ನಲಿಲ್ಲ.

“ಈಗ ಬದ್ಲಿ ಮಾಡೀರೇನ್ರಿ?”

“ಮಾಡೀನವ್ವ. ಇನ್ನ ಆರು ತಿಂಗಳಿಗೊಮ್ಮೆ ಮಾಡತೀವಿ. ಗಾಡಿ ಓಡಲಿ, ಬಿಡಲಿ.”

ಸೆರಗು ಬಿಗಿದುಕೊಂಡು ಬಾಗಿಲವರೆಗೆ ಹೋದವರು ತಿರುಗಿ ನಿಂತರು.

“ನಮ್ಮ ಓಣಿ ಮಂದಿ ಹದ್ನಾಕು ಜನ ಇನ್ನೂ ಆ ಕಟ್ಟಡದ ಮ್ಯಾಲೇ ದುಡ್ಯಾಕತ್ತಾರ್ರಿ. ಅವ್ರಿಗೂ ಇದ ಗಾಡೀನ.”

“ಹೂಂನವ್ವ” ಎಂದೆ. ನಿವೃತ್ತನಾಗುವವರೆಗೂ ಆ ಹೂಂ ನನ್ನನ್ನು ಬಿಡಲಿಲ್ಲ.