ಕಿತ್ತು ನೋಡಿದ ತಂತಿ

ಅಣ್ಣನಿಗೆ ಗ್ಯಾರೇಜಿನ ದಾರಿ ಕಲಿಸುವ ಕೆಲಸ ನನ್ನದಾಗಿತ್ತು. ಮಾಡಲಿಲ್ಲ. ಅಷ್ಟೇ ಆಗಿದ್ದರೆ... ಬೇಕೆಂದೇ ತಪ್ಪು ದಾರಿ ಕಲಿಸಿದೆ. ನಾಲ್ಕು ವರ್ಷ ಯಾರಿಗೂ ಹೇಳಲಿಲ್ಲ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಸವಳಂಗ ರಸ್ತೆಯಲ್ಲಿ, ನೀರಿನ ಟ್ಯಾಂಕಿನ ಹತ್ತಿರ ನಮ್ಮ ಕಾರ್ ರಿಪೇರಿ ಗ್ಯಾರೇಜು. ನನಗೆ ಕೆಲಸ ಕಲಿಸಿದವನೇ ಅಣ್ಣ, ಇಬ್ರಾಹಿಂ ಭಾಯ್. ಭದ್ರಾವತಿಯ ಕಾಗದನಗರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ. ಸ್ಕೂಟರಿನಿಂದ ಬಿದ್ದು ತಲೆಗೆ ಪೆಟ್ಟಾದ ಮೇಲೆ ಹೊಸದೇನೂ ಅವನ ನೆನಪಿನಲ್ಲಿ ನಿಲ್ಲದಾಯಿತು. ಹಳೆಯದರಲ್ಲೂ ಅಲ್ಲಲ್ಲಿ ತೂತು — ಗ್ಯಾರೇಜಿನ ದಾರಿಯೂ ಹೋಯಿತು.

ನೆನಪಿನ ಬಗ್ಗೆಯೇ ಓದುತ್ತಿದ್ದ ಮೇಡಂ ಒಬ್ಬರು ಹದಿನೈದು ದಿನಕ್ಕೊಮ್ಮೆ ಅಣ್ಣನ ಮನೆಗೆ ಬರತೊಡಗಿದರು. ‘ಬಸ್ ಇಳಿದು ಆಟೋದವನಿಗೆ ಏನು ಹೇಳಬೇಕು?’ ಎಂದು ಕೇಳಿ, ‘ಸವಳಂಗ ರಸ್ತೆ, ನೀರಿನ ಟ್ಯಾಂಕ್’ ಎಂದು ಅವನಿಂದಲೇ ಹೇಳಿಸುವುದು. ಒಂದು ನಿಮಿಷ ಬಿಟ್ಟು ಮತ್ತೆ. ಆಮೇಲೆ ಎರಡು, ಐದು, ಹತ್ತು. “ತಪ್ಪು ಉತ್ತರ ಅವರ ಬಾಯಿಗೆ ಬರೋಕೇ ಬಿಡಬೇಡಿ. ಬಂದ್ರೆ ಅದೇ ಕೂತ್ಬಿಡುತ್ತೆ,” ಎಂದಿದ್ದರು. ಉಳಿದ ದಿನ ಸಂಜೆ ಅಲ್ಲಿಗೆ ಹೋಗಿ ಹೇಳಿಸುವ ಹೊಣೆ ನನಗೆ.

ನನಗೆ ಅನುಮಾನ. ಮೇಡಂ ಮೇಲಲ್ಲ, ಅಣ್ಣನ ಮೇಲೆ. ಹಳೆಯ ಕಾರ್ಬ್ಯುರೇಟರ್ ಕೈಗೆ ಕೊಟ್ಟರೆ ಕಣ್ಣುಮುಚ್ಚಿ ಜೋಡಿಸುತ್ತಿದ್ದ. ಬೆಳಿಗ್ಗೆ ಏನು ತಿಂದೆ ಎಂದರೆ ಗೊತ್ತಿಲ್ಲ! ಕೈಗಿರುವ ನೆನಪು ತಲೆಗೆ ಯಾಕಿಲ್ಲ? ದುಡಿಯಲು ಬೇಸರವಾಗಿ ನಾಟಕ ಹೂಡಿದ್ದಾನೆ — ಅವನ ಹೆಂಡತಿ, ನಮ್ಮ ಭಾಭಿ, ಮಾತ್ರೆ ಕೊಡುವಾಗಲೂ ಅವನ ತುಟಿಯಲ್ಲಿ ಕಳ್ಳನಗು ಹುಡುಕುತ್ತಿದ್ದೆ.

ಎಂಜಿನ್ ತೊದಲಿದರೆ ನಾವು ಪ್ಲಗ್ಗಿನ ತಂತಿಗಳನ್ನು ಒಂದೊಂದಾಗಿ ಕಿತ್ತು ನೋಡುತ್ತೇವೆ. ಸದ್ದು ಬದಲಾದರೆ ಆ ಪ್ಲಗ್ ಸರಿ. ಬದಲಾಗದಿದ್ದರೆ ಕಳ್ಳ ಅದೇ. ಕಿತ್ತದ್ದನ್ನು ಮತ್ತೆ ಸಿಕ್ಕಿಸಿದರಾಯಿತು. ಇದನ್ನು ಕಲಿಸಿದವನೂ ಅಣ್ಣನೇ. ಅವನ ಮೇಲೇ ಅದನ್ನು ಪ್ರಯೋಗಿಸಿದೆ.

“ಭಾಯ್, ಆಟೋದವನಿಗೆ ಗಾಂಧಿ ಬಜಾರ್ ಅನ್ನು.”

“ಸೀರೆ ಅಂಗಡಿ ಮಧ್ಯ ಗ್ಯಾರೇಜ್ ಇಟ್ಟಿದ್ದೀವೇನೋ ಮಾರಾಯ?” ಎಂದು ನಕ್ಕ. ಸಿಕ್ಕಿಬಿದ್ದ ಎಂದುಕೊಂಡೆ. ಮರುಕ್ಷಣ ಅವನ ಮುಖದಲ್ಲಿ ಗಾಬರಿ. “ನೀನು ಹೇಳಿದ್ಮೇಲೆ ಸರಿನೇ ಇರ್ಬೇಕು ಬಿಡು.”

ಆ ನಂಬಿಕೆಯನ್ನೂ ನಾಟಕವೆಂದೇ ತಿಳಿದೆ. ಹತ್ತು ದಿನ ಅದನ್ನೇ ಹೇಳಿಸಿದೆ — ಮೇಡಂ ಹೇಳಿದಂತೆಯೇ, ಒಂದು ನಿಮಿಷ, ಎರಡು, ಐದು. ಆಮೇಲೆ ಭಾಭಿಗೆ, “ಕಲ್ತಿದ್ದಾನೆ, ಒಬ್ಬನ್ನೇ ಕಳ್ಸಿ,” ಎಂದೆ. ಸುಳ್ಳನಾದರೆ ನೇರ ಗ್ಯಾರೇಜಿಗೇ ಬರುತ್ತಾನೆ, ಹಿಡಿಯೋಣ ಎಂದು ಬಾಗಿಲಲ್ಲಿ ಕಾದೆ.

ಬರಲಿಲ್ಲ. ಸಂಜೆ ಗಾಂಧಿ ಬಜಾರಿನ ಬಟ್ಟೆ ಅಂಗಡಿಯೊಂದರ ಮೆಟ್ಟಿಲ ಮೇಲೆ ಸಿಕ್ಕಿದ. ತೊಡೆಯ ಮೇಲೆ ಬಿಚ್ಚದ ಟಿಫನ್ ಡಬ್ಬಿ. ಬೆಳಿಗ್ಗೆಯಿಂದ ಅಂಗಡಿ ಅಂಗಡಿಯಲ್ಲೂ ತನ್ನ ಗ್ಯಾರೇಜನ್ನು ವಿಚಾರಿಸಿದ್ದನಂತೆ.

“ಮನೇಲಿ ಬೇರೆ ಏನಾದ್ರೂ ಹೇಳಿಕೊಟ್ರಾ?” ಎಂದು ಮೇಡಂ ಕೇಳಿದರು. ಇಲ್ಲ ಎಂದೆ. ಅಣ್ಣನಿಗೆ ಇನ್ನು ಕಲಿಯಲು ಆಗದು ಎಂದು ಎಲ್ಲರೂ ನಂಬಿದರು. ಭಾಭಿ ಮತ್ತೆಂದೂ ಅವನನ್ನು ಹೊರಗೆ ಬಿಡಲಿಲ್ಲ. ಗ್ಯಾರೇಜಿನಲ್ಲಿ ಅವನ ಸ್ಪ್ಯಾನರುಗಳು ಮೊಳೆಯಲ್ಲೇ ತೂಗುತ್ತಿವೆ.

ಕಳೆದ ವಾರ ಕಾಗದನಗರಕ್ಕೆ ಹೋಗಿದ್ದೆ. ನನ್ನ ಮಗಳ ಹೆಸರು ಅವನಿಗೆ ಹೊಳೆಯಲಿಲ್ಲ. ಆದರೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಕೇಳಿದ: “ನಾಳೆ ಕೆಲಸಕ್ಕೆ ಬರ್ತೀನಿ ಕಣೋ. ಆಟೋದವನಿಗೆ ಗಾಂಧಿ ಬಜಾರ್ ಅಂದ್ರೆ ಸಾಕಲ್ವಾ?”

ಎಲ್ಲ ಹೋಗಿ ಅದೊಂದು ಉಳಿದಿತ್ತು.

ಭಾಭಿಯನ್ನು ಕರೆದು, ಅವರ ಎದುರಿಗೇ ಅಣ್ಣನಿಗೆ ಎಲ್ಲ ಹೇಳಿದೆ. ಅವರು ಟೀ ಲೋಟ ಕೆಳಗಿಟ್ಟು ಒಳಗೆ ಹೋದರು. ಅಣ್ಣ ನನ್ನ ಬೆನ್ನು ತಟ್ಟಿದ. ಸ್ವಲ್ಪ ಹೊತ್ತಿಗೆ, “ಯಾಕೋ ಅಳ್ತಿದ್ದೀಯ?” ಎಂದ.

ಅಷ್ಟರಲ್ಲೇ ಮರೆತಿದ್ದ. ಗಡಿಯಾರ ನೋಡಿದೆ — ಒಂದು ನಿಮಿಷ. ಮತ್ತೆ ಹೇಳಿದೆ. ಎರಡು ನಿಮಿಷ ಬಿಟ್ಟು ಹೇಳಿದೆ. ಐದು ನಿಮಿಷ ಬಿಟ್ಟು, ಅವನ ಕೈ ಹಿಡಿದು, ಒಳಗಿರುವ ಭಾಭಿಗೂ ಕೇಳುವಂತೆ:

“ಭಾಯ್, ನಿನಗೆ ತಪ್ಪು ದಾರಿ ಕಲಿಸಿದ್ದು ನಾನು. ನಿನ್ನ ತಲೆದೇನೂ ತಪ್ಪಿಲ್ಲ. ಮಾಫ್ ಮಾಡು.”