ಫೋನಿನಲ್ಲಿ ಕಂಡ ಬುಸಾನಿನ ಚಂದ್ರ

ಇವತ್ತು ಸಂಕಷ್ಟಿ, ಸ್ನೇಹಿತರೇ. ಚಂದ್ರನನ್ನು ನೋಡುವವರೆಗೆ ಉಪವಾಸ. ಬೆಳಗ್ಗೆ ಬೇಗ ಸ್ನಾನ ಮಾಡಿ, ಇಲ್ಲಿ ಅಮೆರಿಕದ ಕ್ಯಾಂಪ್‌ಬೆಲ್ಲಿನ ನಮ್ಮ ಅಪಾರ್ಟ್‌ಮೆಂಟಿನ ಬಾಗಿಲಿಗೆ ರಂಗೋಲಿ ಹಾಕಿ ಏಳುವಷ್ಟರಲ್ಲಿ, ಕೊರಿಯಾ ಪ್ರವಾಸಕ್ಕೆ ಹೋಗಿರುವ ಮಗಳು ಬುಸಾನಿನಿಂದ ವಿಡಿಯೋ ಕಾಲ್ ಮಾಡಿದಳು. ಅಲ್ಲಿ ಆಗಲೇ ರಾತ್ರಿ. ದಿನವಿಡೀ ಬಣ್ಣದ ಹಳ್ಳಿಗಳನ್ನು ಸುತ್ತಿದ್ದಳಂತೆ. ಗುಡ್ಡದ ತುಂಬ ಬಳೆ ಅಂಗಡಿ ಹರವಿದ ಹಾಗೆ ನೀಲಿ, ಗುಲಾಬಿ ಮನೆಗಳು, ಮೇಲೆ ಚಂದ್ರ.

“ಅಮ್ಮಾ, ಚಂದ್ರನ್ನ ನೋಡ್ದೆಯಲ್ಲ, ಉಪ್ಪಿಟ್ಟು ತಿನ್ನು. ಹೋದ ತಿಂಗಳು ನೀನು ಮಂಜಲ್ಲಿ ಚಂದ್ರ ಕಾಣ್ದೆ ಹಸ್ಕೊಂಡೇ ಮಲಗಿದ್ದೆ!”

“ಉಪವಾಸ ಶುರುವಾಗಿ ಒಂದು ಗಂಟೆ ಆಗಿಲ್ಲ ಕಣೇ!”

“ಅದೇ ಚಂದ್ರ ತಾನೇ?”

ಕಂಡ ಮೇಲೆ ಬಿಡಲಾದೀತೇ? ಫೋನಿಗೇ ಹಾಲಿನ ಅರ್ಘ್ಯ ಬಿಟ್ಟೆ. ಫೋನು ಕಣ್ಣು ಮುಚ್ಚಿತು. ಇದನ್ನು ಯಜಮಾನರ ಫೋನಿನಲ್ಲಿ ಬರೆಯುತ್ತಿದ್ದೇನೆ.

ದೇವಸ್ಥಾನಕ್ಕೆ ಹೋಗುವವರು ಯಾರಾದರೂ ಈ ಚಂದ್ರ ನಡೆಯುತ್ತಾನೆಯೇ ಎಂದು ಅರ್ಚಕರನ್ನು ಕೇಳಿ, ಬೇಗ ಉತ್ತರ ತನ್ನಿ. ಯಜಮಾನರು ಮಾಡಿದ ಉಪ್ಪಿಟ್ಟು ಆರುತ್ತಿದೆ.