ಮೃಣಾಲಿನಿಯ ಟ್ರಾನ್ಸ್‌ಫರ್

ಮೃಣಾಲಿನಿಗೆ ಹಾಲಿನವನ ಮೇಲೂ ಸಂಶಯ, ಹಾಲಿನ ಮೇಲೂ ಸಂಶಯ. ಕುದಿಸಿದ ನೀರನ್ನು ಮತ್ತೆ ಕುದಿಸುವವಳು. ಮಗಳು ಮಂಜರಿ ತುಸು ಹೆಚ್ಚು ಹೊತ್ತು ಮಲಗಿದರೆ ಮೂಗಿನ ಹತ್ತಿರ ಬೆರಳು ಹಿಡಿದು ನೋಡುವವಳು. ಪುಣೆಯಲ್ಲಿ ಓದಿ, ಮದುವೆಯಾಗಿ ಬಂದು, ಆಳಂದದ ಕಚೇರಿಯೊಂದರಲ್ಲಿ ಮಣ್ಣು ಪರೀಕ್ಷೆಯ ಸರಕಾರಿ ಕೆಲಸಕ್ಕಿದ್ದಳು. ರೈತರು ಮಣ್ಣು ತಂದರೆ, "ಇದು ನಿಮ್ಮ ಹೊಲದ್ದೇ ಹೌದಲ್ರಿ?" ಎಂದು ಕೇಳದೆ ಚೀಟಿ ಅಂಟಿಸುತ್ತಿರಲಿಲ್ಲ. ಸರಸಂಬಾದ ಹಣಮಂತ್ರಾಯ ಒಮ್ಮೆ, "ಇಲ್ರಿ ಬಾಯಿ, ಬೀಗರ ಹೊಲದಾಗಿಂದ ಕದ್ದು ತಂದೀನಿ" ಎಂದಿದ್ದ. ಆಕೆ ಅದನ್ನೂ ಅರ್ಧ ನಂಬಿದ್ದಳು.

ಇಂಥವಳು ಸಾಲಕ್ಕೆ ಸಿಕ್ಕಿದ್ದೂ ಸಂಶಯದಿಂದಲೇ. ಮಳೆಗಾಲದಲ್ಲಿ ಮಂಜರಿಗೆ ಕಫ ಕಟ್ಟಿತು. ಅತ್ತೆ ವತ್ಸಲಾಬಾಯಿ, "ಇಲ್ಲೇ ಡಾಕ್ಟರ್‌ಗೆ ತೋರ್ಸು, ಇಳೀತದ" ಎಂದರು. ಮೃಣಾಲಿನಿ ನಂಬದೆ ಸೊಲ್ಲಾಪುರಕ್ಕೆ ಓಡಿದಳು. ಅಲ್ಲಿನ ಆಸ್ಪತ್ರೆಯವರು ಮಗುವನ್ನು ಇಟ್ಟುಕೊಂಡು, ಪರೀಕ್ಷೆಯ ಮೇಲೆ ಪರೀಕ್ಷೆ ಮಾಡಿ, ಇಳಿಯುತ್ತದೆ ಎಂದು ಹೇಳಿ ಕಳಿಸಿದರು. ಬಿಲ್ಲನ್ನು ಕ್ರೆಡಿಟ್ ಕಾರ್ಡ್ ಉಜ್ಜಿ ಕಟ್ಟಿದಳು. ಅತ್ತೆಗೆ ಮಾತ್ರ "ವಿಮಾದಾಗ ಆತ್ರಿ" ಎಂದಳು. ಆಮೇಲೆ ತಿಂಗಳು ತಿಂಗಳು ಕಟ್ಟಿದ್ದನ್ನೆಲ್ಲ ಬಡ್ಡಿಯೇ ತಿಂದಿತು. "ನಾ ಅಂದಿದ್ನೋ ಇಲ್ಲೋ" ಎಂದು ಅತ್ತೆ ಅನ್ನುವ ಮೊದಲೇ ಅದನ್ನು ತೀರಿಸಿಬಿಡಬೇಕು; ಆಕೆಗಿದ್ದದ್ದು ಅದೊಂದೇ ಹಟ.

ಒಂದು ಬ್ಯಾಂಕಿನ ಕಾರ್ಡಿನ ಬಾಕಿಯನ್ನು ಇನ್ನೊಂದು ಬ್ಯಾಂಕಿನ ಕಾರ್ಡಿಗೆ ಸಾಗಿಸಿ, ಬಡ್ಡಿ ಉಳಿಸಿಕೊಳ್ಳುವ ದಾರಿ ಇದೆಯೆಂದು ಗಂಡ ಪ್ರಾಣೇಶ ತಿಳಿದುಕೊಂಡು ಬಂದ. ಅಫಜಲಪುರದ ಕಾಲೇಜಿನಲ್ಲಿ ಪಾಠ ಹೇಳುವವನು. ಎರಡು ಕಾರ್ಡುಗಳ ಹೆಸರು ಕೊಟ್ಟು, "ಆರಿಸೋದು ನಿನ್ನ ಕೆಲಸ. ನಾ ಆರಿಸಿದ್ರ ನನ್ನ ಮ್ಯಾಲ ಸಂಶಯ ಬರ್ತದ" ಎಂದ.

ಕಟ್ಟೆಯ ಮೇಲೆ ಕೂತು ಮೃಣಾಲಿನಿ ಒಂದಕ್ಕೆ ಫೋನ್ ಹಚ್ಚಿದಳು. ಎತ್ತಿಕೊಂಡವಳು ಯಾಸ್ಮೀನ, ಕಲಬುರಗಿಯ ಹುಡುಗಿ.

"ಆರು ತಿಂಗಳು ಬಡ್ಡಿ ಸೊನ್ನೆ ರೀ, ಮೇಡಂ."

"ಏಳನೇ ತಿಂಗಳು?"

"ಉಳಿದಿದ್ದಕ್ಕ ಮಾಮೂಲಿ ಬಡ್ಡಿ ಬೀಳ್ತದ್ರಿ."

"ಸಾಗಿಸೋ ಖರ್ಚು ಯಾರ್ದು?"

"ನಿಮ್ದೇ ರೀ. ಮೊದಲನೇ ಬಿಲ್ಲಿನಾಗ ಸೇರ್ತದ."

"ಅದೇ ಕಾರ್ಡ್ ಮ್ಯಾಲ ಒಂದು ಸೀರಿ ತಗೊಂಡ್ರ?"

"ಸೀರಿಗೆ ಮೊದಲ ದಿನದಿಂದನೇ ಬಡ್ಡಿ."

"ಒಂದು ಕಂತು ತಪ್ಪಿದ್ರ?"

"ಸೊನ್ನೆ ಹೋಗ್ತದ್ರಿ. ಮೇಡಂ, ನೀವು ಹೆಣ್ಣು ಕೊಡೋರಂಗ ವಿಚಾರಸಾಕತ್ತೀರಿ."

ಇನ್ನೊಂದು ಕಾರ್ಡಿನವರದು ಸಣ್ಣ ಬಡ್ಡಿ, ವರ್ಷದ ಅವಧಿ. ಆದರೆ ವರ್ಷವಿಡೀ ಅತ್ತೆಯಿಂದ ಮುಚ್ಚಿಡುವುದು ಆಗದ ಮಾತು. ಆರು ತಿಂಗಳು ಗಂಡನ ಸಂಬಳದಲ್ಲಿ ಮನೆ, ತನ್ನ ಸಂಬಳದಲ್ಲಿ ಸಾಲ. ಮೃಣಾಲಿನಿ ಮರುದಿನ ಅದೇ ಕಟ್ಟೆಯಿಂದ ಯಾಸ್ಮೀನಳಿಗೆ ಮತ್ತೆ ಫೋನ್ ಮಾಡಿದಳು.

"ಆತು, ಟ್ರಾನ್ಸ್‌ಫರ್ ಮಾಡಿಬಿಡ್ರಿ. ಆರು ತಿಂಗಳದಾಗ ಮುಗೀಬೇಕು. ಆಧಾರ್, ಪ್ಯಾನ್ ನಾಳೆ ತೋರಸ್ತೇನಿ. ನಮ್ಮ ಅತ್ಯಾರಿಗೆ ಗೊತ್ತಾಗಬಾರ್ದು."

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

ಮರುದಿನ ವಿಡಿಯೋದಲ್ಲಿ ತೋರಿಸಬೇಕೆಂದರೆ ಆಧಾರ್, ಪ್ಯಾನ್ ಇದ್ದ ಪಾಕೀಟೇ ಇಲ್ಲ. ಸಂಶಯ ಮೊದಲು ಯಾಸ್ಮೀನಳ ಕಡೆ ಹೋಯಿತು, ಫೋನಿನಿಂದ ಪಾಕೀಟು ಕದಿಯಲು ಬರುವುದಿಲ್ಲ ಎಂದು ಹೊಳೆಯುವವರೆಗೆ. ಆಮೇಲೆ ಕಸ ಹೊಡೆಯುವ ನಿಂಬೆವ್ವ. ಆಮೇಲೆ ಗಂಡ.

"ನಿನ್ನ ಆಧಾರ್ ಒಯ್ದು ಅಫಜಲಪುರದಾಗ ನಾ ಏನ್ ಮಾಡ್ಲಿ?" ಎಂದ ಪ್ರಾಣೇಶ.

ಅತ್ತೆ ಮಾತ್ರ ಹುಡುಕಲು ಎದ್ದಿರಲಿಲ್ಲ. ಚಮಚ ಕಳೆದರೂ ಮನೆ ತಲೆಕೆಳಗು ಮಾಡುವವರು ಅವರು.

ಹೆಪ್ಪಿಗೆಂದು ಬಂದ ಪಕ್ಕದ ಮನೆಯ ಕಸ್ತೂರಿಬಾಯಿ ಬಾಗಿಲಲ್ಲೇ ಕೇಳಿದರು: "ಎಲ್ಲಿಗಾತವ್ವಾ ಟ್ರಾನ್ಸ್‌ಫರ್? ಪುಣೆ ಕಡಿಗೇನು? ಅದು ನಿಂತ್ರ ಗಾಣಗಾಪುರದಾಗ ಐದು ಮನಿ ಮಧುಕರಿ ಭಿಕ್ಷಾ ಬೇಡತೇನಿ ಅಂತ ನಿಮ್ಮತ್ತಿ ಹರಕಿ ಹೊತ್ತಾರ."

ಮೃಣಾಲಿನಿಗೆ ಈಗ ಹೊಳೆಯಿತು. ಈ ಊರಿಗೆ ಬಂದ ನೌಕರರು ಟ್ರಾನ್ಸ್‌ಫರ್ ಅಂದರೆಂದರೆ ಗಂಟುಮೂಟೆ ಕಟ್ಟಿದರೆಂದೇ ಅರ್ಥ. ಬಾಕಿಗೂ ಟ್ರಾನ್ಸ್‌ಫರ್ ಉಂಟೆಂದು ಯಾರಿಗೆ ಗೊತ್ತು?

ಅಡುಗೆಮನೆಗೆ ಹೋದಳು. ವತ್ಸಲಾಬಾಯಿ ಮಂಜರಿಯನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ಹಚ್ಚುತ್ತಿದ್ದರು.

"ಅತ್ಯಾ, ನನ್ನ ಪಾಕೀಟು ಎಲ್ಲಿಟ್ಟೀರಿ?"

"ಮೊದ್ಲ ನೀ ಹೇಳು. ಕೂಸಿನ್ನ ಎಲ್ಲಿಗೆ ಒಯ್ತಿ?"

'ರದ್ದಾತ್ರಿ' ಎಂದರೆ ಸಾಕಿತ್ತು. ಪಾಕೀಟೂ ಬರುತ್ತಿತ್ತು, ಗುಟ್ಟೂ ಉಳಿಯುತ್ತಿತ್ತು. ಆದರೆ ಅತ್ತೆ ಮಗುವಿನ ಪಾದವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದರು, ಯಾರೋ ಈಗಲೇ ಕಸಿದುಕೊಳ್ಳುವಂತೆ. ಮೃಣಾಲಿನಿಗೆ ಆ ಸುಳ್ಳು ಬಾಯಿಗೆ ಬರಲಿಲ್ಲ.

"ಟ್ರಾನ್ಸ್‌ಫರ್ ನಂದಲ್ರಿ. ಸಾಲದ್ದು," ಎಂದಳು. ಸೊಲ್ಲಾಪುರದ ಬಿಲ್ಲು, ಬಡ್ಡಿ, ಹೊಸ ಕಾರ್ಡು, ಅದರ ಮೇಲೆ ಸೀರೆ ಕೊಳ್ಳಬಾರದೆಂಬುದು, ಎಲ್ಲ ಹೇಳಿದಳು.

"ನಾ ಅಂದಿದ್ನೋ ಇಲ್ಲೋ," ಎಂದರು ವತ್ಸಲಾಬಾಯಿ.

"ಅಂದಿದ್ರಿ."

ಅತ್ತೆ ಎದ್ದು, ಜೋಳದ ಡಬ್ಬಿಯಲ್ಲಿ ಮೊಣಕೈವರೆಗೆ ಕೈ ಇಳಿಸಿ ಪಾಕೀಟು ತೆಗೆದು ಕಾಳು ಕೊಡವಿದರು. "ಸಾಲ ಎಲ್ಲಿಗರ ಹೋಗ್ಲಿ, ನೀ ಹೋಗಬ್ಯಾಡ. ಆ ಹೊಸಾ ಕಾರ್ಡ್ ಮಾತ್ರ ನನ್ನ ಕೈಯಾಗ ಕೊಡಬೇಕು. ನಿನ್ನ ಹಂತ್ಯಾಕ ಇದ್ರ ಮತ್ತ ಸೊಲ್ಲಾಪುರಕ್ಕ ಓಡ್ತಿ."

ಕಾರ್ಡು ಬಂತು, ಅತ್ತೆಯ ಕೈ ಸೇರಿತು, ಬಾಕಿ ಅದಕ್ಕೆ ಸಾಗಿತು, ಮೊದಲ ಕಂತೂ ಹೋಯಿತು. ಹರಕೆ ತೀರಿಸಲು ಅತ್ತೆ ಗಾಣಗಾಪುರಕ್ಕೆ ಹೋದ ದಿನ ಮೃಣಾಲಿನಿಗೆ ತಡೆಯಲಾಗಲಿಲ್ಲ. ಡಬ್ಬಿಯ ಜೋಳವನ್ನೆಲ್ಲ ಮೊರಕ್ಕೆ ಸುರುವಿದಳು. ಕಾರ್ಡು ಇರಲಿಲ್ಲ. ಅತ್ತೆಗೆ ಫೋನ್ ಮಾಡಿದಳು.

"ಹುಡುಕ್ತಿ ಅಂತ ಗೊತ್ತಿತ್ತು ನಂಗ," ಎಂದಿತು ಆ ಕಡೆಯ ದನಿ, ಗುಡಿಯ ಗಂಟೆಗಳ ನಡುವೆ. "ಅದ್ನೂ ಟ್ರಾನ್ಸ್‌ಫರ್ ಮಾಡೀನಿ."